ಲೆನಿ ರೀಫೆನ್‌ಸ್ಟಾಲ್: ಸಾವಿನ ನಂತರ ತೆರೆದ ಪೆಟ್ಟಿಗೆಗಳು (ಪ್ರಶ್ನೋತ್ತರ)

ಪ್ರಶ್ನೆ (ಶಿವಮೊಗ್ಗದ ಇತಿಹಾಸ ಉಪನ್ಯಾಸಕರು): ಮೇಡಂ, ನಮಸ್ಕಾರ. ನಮ್ಮೂರಿನ ಚಿತ್ರಸಮಾಜದ ಸಾಕ್ಷ್ಯಚಿತ್ರ ಸರಣಿಯಲ್ಲಿ ಜರ್ಮನಿಯ ಲೆನಿ ರೀಫೆನ್‌ಸ್ಟಾಲ್ ನಿರ್ದೇಶಿಸಿದ ‘ಟ್ರಯಂಫ್ ಆಫ್ ದ ವಿಲ್’ ತೋರಿಸೋಣವೆಂದು ನಾನು ಸೂಚಿಸಿದಾಗಿನಿಂದ ಸಮಿತಿಯಲ್ಲಿ ಎರಡು ಪಂಗಡಗಳಾಗಿವೆ. ನಿರ್ದೇಶಕಿ ತೀರಿಕೊಂಡು ಇಪ್ಪತ್ತು ವರ್ಷ ದಾಟಿರುವುದರಿಂದ ಇನ್ನಾದರೂ ಚಿತ್ರವನ್ನು ಬರಿಯ ಕಲೆಯಾಗಿ ನೋಡಬಹುದೆಂದು ಕೆಲವರು ಹೇಳಿದರೆ, ನಾಜಿಗಳ ಪ್ರಚಾರಚಿತ್ರ ನಮ್ಮ ಪರದೆಯ ಮೇಲೆ ಬೇಡವೇ ಬೇಡ ಎಂದು ಉಳಿದವರು ಪಟ್ಟು ಹಿಡಿದಿದ್ದಾರೆ. ಚಲನಚಿತ್ರ ಸಂಗ್ರಹಾಗಾರದಲ್ಲಿ ಬಹುಕಾಲ ಕೆಲಸ ಮಾಡಿರುವ ತಮ್ಮ ಅಭಿಪ್ರಾಯವೇನು?

ಉತ್ತರ: ನಮಸ್ಕಾರ. ಎರಡೂ ಪಂಗಡದವರು ಚಿತ್ರವನ್ನು ಪೂರ್ತಿ ನೋಡಿದ್ದಾರೆಯೇ ಎಂಬುದು ನನ್ನ ಮೊದಲ ಅನುಮಾನ. ಈ ಚಿತ್ರದ ಬಗ್ಗೆ ಮಾತನಾಡುವವರು ಬಹಳ. ಕವಾಯತು, ಭಾಷಣ, ಮತ್ತೆ ಕವಾಯತು ಎಂದು ಸಾಗುವ ಸುಮಾರು ಎರಡು ಗಂಟೆಗಳನ್ನು ಕುಳಿತು ನೋಡಿದವರು ಕಡಿಮೆ.

1934ರ ಸೆಪ್ಟೆಂಬರ್‌ನಲ್ಲಿ ನ್ಯೂರೆಂಬರ್ಗ್‌ನಲ್ಲಿ ನಡೆದ ನಾಜಿ ಪಕ್ಷದ ಸಮಾವೇಶವನ್ನು ಸುಮಾರು 170 ಮಂದಿಯ ತಂಡ ಚಿತ್ರೀಕರಿಸಿತು. ಚಿತ್ರ ಮರುವರ್ಷ ತೆರೆಕಂಡಿತು. ತಾನು ಇದ್ದದ್ದನ್ನು ಇದ್ದಂತೆ ಹಿಡಿದೆ, ಒಂದು ದೃಶ್ಯವನ್ನೂ ಹೂಡಿಸಲಿಲ್ಲ ಎಂಬುದು ಯುದ್ಧದ ನಂತರ ರೀಫೆನ್‌ಸ್ಟಾಲ್ ಅವರ ಖಾಯಂ ವಾದವಾಗಿತ್ತು. ಆದರೆ 1935ರಲ್ಲಿ ಅವರದೇ ಹೆಸರಿನಲ್ಲಿ ಪ್ರಕಟವಾದ ಪುಸ್ತಕ, ಸಮಾವೇಶದ ಸಿದ್ಧತೆಗಳು ಚಿತ್ರೀಕರಣದ ಸಿದ್ಧತೆಗಳೊಂದಿಗೆ ಸೇರಿಯೇ ನಡೆದವೆಂದು ಹೆಮ್ಮೆಯಿಂದ ಹೇಳುತ್ತದೆ. ಆ ಪುಸ್ತಕವನ್ನು ಬರೆದದ್ದೇ ತಾನಲ್ಲ ಎಂದು ಅವರು ಆಮೇಲೆ ಜಾರಿಕೊಂಡರು. ಪುಸ್ತಕ ಯಾರದಾದರೂ ಇರಲಿ, ಚಿತ್ರವೇ ಸಾಕ್ಷಿ ಹೇಳುತ್ತದೆ. ಸಾಲುಸಾಲಾಗಿ ನಿಂತ ಜನಸಾಗರದ ಆಚೆ ಮೂರು ಬೃಹತ್ ಬಾವುಟಗಳು ಇಳಿಬಿದ್ದಿರುವ ದೃಶ್ಯದಲ್ಲಿ, ಅವುಗಳ ನಡುವಿನ ಕಂಬದ ಗುಂಟ ಪುಟ್ಟ ಪೆಟ್ಟಿಗೆಯಂಥದೊಂದು ಮೆಲ್ಲಗೆ ಮೇಲೇರುವುದು ಕಾಣುತ್ತದೆ. ಅದು ಕ್ಯಾಮೆರಾದವರಿಗೆಂದೇ ಕಟ್ಟಿಸಿದ ಲಿಫ್ಟ್. ಒಂದು ಸರ್ಕಾರ ತನ್ನ ಧ್ವಜಸ್ತಂಭಕ್ಕೆ ಲಿಫ್ಟ್ ಕಟ್ಟಲು ಬಿಟ್ಟಿತೆಂದರೆ, ಅಲ್ಲಿ ಚಿತ್ರತಂಡ ಆಹ್ವಾನವಿಲ್ಲದೆ ಬಂದ ಪ್ರೇಕ್ಷಕನಂತೂ ಅಲ್ಲ. ನಾನು ಆ ದೃಶ್ಯವನ್ನು ಮೂರನೆಯ ಸಲ ನೋಡುವಾಗಷ್ಟೇ ಲಿಫ್ಟನ್ನು ಗಮನಿಸಿದೆ; ಮೊದಲೆರಡು ಸಲ ನನ್ನ ಕಣ್ಣೂ ನಿರ್ದೇಶಕಿ ಬಯಸಿದ ಕಡೆಗೇ ಹೋಗಿತ್ತು.

ಆದ್ದರಿಂದ ಕಲೆಯೋ ಪ್ರಚಾರವೋ ಎಂಬ ಚರ್ಚೆಯಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಅಲ್ಲಿನ ಕಲೆಯೇ ಪ್ರಚಾರದ ಯಂತ್ರ. ಒಂದನ್ನು ಕಳಚಿಟ್ಟರೆ ಇನ್ನೊಂದು ಓಡುವುದಿಲ್ಲ.

ಪ್ರಶ್ನೆ (ಕಾನೂನು ವಿದ್ಯಾರ್ಥಿ): ನಮಸ್ಕಾರ ಮೇಡಂ. ಆಕೆ ಪಕ್ಷದ ಸದಸ್ಯೆಯಾಗಿರಲಿಲ್ಲ, ಯುದ್ಧಾನಂತರದ ವಿಚಾರಣೆಗಳಲ್ಲಿ ಶಿಕ್ಷೆಯಾಗಲಿಲ್ಲ, ಮಾನನಷ್ಟ ಮೊಕದ್ದಮೆಗಳನ್ನೂ ಬಹಳಷ್ಟು ಗೆದ್ದರು ಎಂದು ಓದಿದ್ದೇನೆ. ಬದುಕಿದ್ದಾಗ ನ್ಯಾಯಾಲಯ ತೀರ್ಮಾನಿಸಿದ್ದನ್ನು, ಉತ್ತರ ಕೊಡಲು ಆಕೆ ಇಲ್ಲದ ಹೊತ್ತಿನಲ್ಲಿ ಮತ್ತೆ ಕೆದಕುವುದು ಅನ್ಯಾಯವಲ್ಲವೇ?

ಉತ್ತರ: ನೀವು ಓದಿರುವುದು ನಿಜ. ನಾಜಿ ನಂಟಿನ ವಿಚಾರಣೆಗಳ ಕೊನೆಗೆ ಅವರನ್ನು ‘ಜೊತೆಯಲ್ಲಿ ಸಾಗಿದವರು’ ಎಂಬ ವರ್ಗಕ್ಕೆ ಸೇರಿಸಲಾಯಿತು, ಅಪರಾಧಿಗಳ ವರ್ಗಕ್ಕಲ್ಲ. ಆದರೆ ನ್ಯಾಯಾಲಯ ಏನನ್ನು ತೀರ್ಮಾನಿಸಿತು, ಏನನ್ನು ತೀರ್ಮಾನಿಸಲಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು.

‘ಟೀಫ್‌ಲಾಂಡ್’ ಎಂಬ ಕಥಾಚಿತ್ರದ ಪ್ರಸಂಗವನ್ನೇ ತೆಗೆದುಕೊಳ್ಳಿ. 1940ರಲ್ಲಿ ಚಿತ್ರೀಕರಣ ಆರಂಭವಾದ ಈ ಚಿತ್ರ ತೆರೆಕಂಡದ್ದು 1954ರಲ್ಲಿ. ಸ್ಪೇನಿನ ಹಳ್ಳಿಗರಂತೆ ಕಾಣುವ ಮುಖಗಳು ಬೇಕೆಂದು ಸಾಲ್ಜ್‌ಬರ್ಗ್ ಬಳಿಯ ಮ್ಯಾಕ್ಸ್‌ಗ್ಲಾನ್ ಬಂಧನ ಶಿಬಿರದಿಂದಲೂ ಬರ್ಲಿನ್ನಿನ ಮಾರ್ತ್ಸಾನ್ ಶಿಬಿರದಿಂದಲೂ ಸಿಂಟಿ ಮತ್ತು ರೋಮಾ (‘ಜಿಪ್ಸಿ’ ಎಂದು ಕರೆಸಿಕೊಳ್ಳುತ್ತಿದ್ದ) ಸಮುದಾಯದವರನ್ನು, ಮಕ್ಕಳನ್ನೂ ಸೇರಿಸಿ, ಕರೆತರಲಾಯಿತು. ಅವರಲ್ಲಿ ಹಲವರನ್ನು ಮುಂದೆ ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಲಾಯಿತು. ಜರ್ಮನ್ ನಿರ್ದೇಶಕಿ ನೀನಾ ಗ್ಲಾಡಿಟ್ಜ್ ಬದುಕುಳಿದವರನ್ನು ಹುಡುಕಿ, ಅವರ ಬಾಯಿಂದಲೇ ಹೇಳಿಸಿ, 1982ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ರೀಫೆನ್‌ಸ್ಟಾಲ್ ಮೊಕದ್ದಮೆ ಹೂಡಿದರು. ಸಹನಟರನ್ನು ಶಿಬಿರದಿಂದ ಕರೆತಂದದ್ದು, ಅವರಿಗೆ ಕೂಲಿ ಕೊಡದಿದ್ದದ್ದು ಇತ್ಯಾದಿ ಮುಖ್ಯ ಹೇಳಿಕೆಗಳನ್ನು ಉಳಿಸಿಕೊಳ್ಳಲು ನ್ಯಾಯಾಲಯ ಅವಕಾಶ ಕೊಟ್ಟಿತು. ಆಶ್ವಿಟ್ಜ್ ಅವರಿಗೆ ಕಾದಿದೆಯೆಂಬುದು ಆಕೆಗೆ ಗೊತ್ತಿತ್ತು ಎಂಬ ಒಂದು ಭಾಗವನ್ನು ಮಾತ್ರ ತೆಗೆಯಬೇಕೆಂದಿತು. ಗ್ಲಾಡಿಟ್ಜ್ ತೆಗೆಯಲು ಒಪ್ಪಲಿಲ್ಲ. ಚಿತ್ರ ದಶಕಗಳ ಕಾಲ ಟಿವಿ ವಾಹಿನಿಯ ಭಂಡಾರದಲ್ಲೇ ಉಳಿಯಿತು. ದಾವೆಯ ಬಹುಪಾಲನ್ನು ಸೋತವರ ಚಿತ್ರಗಳು ಊರೂರು ಸುತ್ತಿದವು, ಬಹುಪಾಲನ್ನು ಗೆದ್ದವರ ಚಿತ್ರ ಕಪಾಟಿನಲ್ಲಿ ಕುಳಿತಿತು.

ಆ ಸಹನಟರನ್ನೆಲ್ಲ ಯುದ್ಧದ ನಂತರ ತಾನು ಕಂಡಿದ್ದೇನೆ, ಯಾರಿಗೂ ಏನೂ ಆಗಿಲ್ಲ ಎಂದು ರೀಫೆನ್‌ಸ್ಟಾಲ್ ಆಮೇಲೂ ಹೇಳುತ್ತಿದ್ದರು. ಕೊಲೋನ್ ನಗರದ ರೋಮಾ ಸಂಘಟನೆಯೊಂದು ಕಾನೂನಿನ ಮೊರೆ ಹೋದ ಮೇಲೆ, 2002ರಲ್ಲಿ, ಅಂದರೆ ತಮ್ಮ ನೂರನೆಯ ವರ್ಷದಲ್ಲಿ, ಅವರು ಆ ಮಾತನ್ನು ಹಿಂತೆಗೆದುಕೊಂಡರು.

ಸತ್ತವರ ಮಾನದ ಪ್ರಶ್ನೆಯೂ ಕಾನೂನಿಗೆ ಹೊರತಾದುದಲ್ಲ. ಮೃತರ ಸ್ಮೃತಿಯನ್ನು ಹೀಯಾಳಿಸುವುದು ಜರ್ಮನಿಯಲ್ಲಿ ಅಪರಾಧ; ನಮ್ಮಲ್ಲಿಯೂ, ಕುಟುಂಬದವರ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ ಮೃತರ ಮೇಲೆ ಹೊರಿಸಿದ ಆರೋಪ ಮಾನಹಾನಿಯಾಗಬಹುದೆಂದು ಹಿಂದಿನ ದಂಡಸಂಹಿತೆಯ 499ನೆಯ ಕಲಮಿನ ವಿವರಣೆ ಹೇಳುತ್ತಿತ್ತು, ಈಗಿನ ನ್ಯಾಯ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ದಾಖಲೆ ಓದುವುದು ಹೀಯಾಳಿಸುವುದಾಗುವುದಿಲ್ಲ. ಉತ್ತರ ಕೊಡಲು ಆಕೆ ಇಲ್ಲ ಎನ್ನುತ್ತೀರಿ. 1945ರಿಂದ 2003ರವರೆಗೆ, ಐವತ್ತೆಂಟು ವರ್ಷ, ಆಕೆ ಉತ್ತರ ಕೊಡುತ್ತಲೇ ಇದ್ದರು. ಉತ್ತರ ಕೊಡಲು ಅವಕಾಶವೇ ಸಿಗದವರು ಆ ಸಹನಟರು.

ಪ್ರಶ್ನೆ (ಮೊದಲಿನ ಉಪನ್ಯಾಸಕರೇ): ಸಾವಿನ ನಂತರ ಹೊಸದಾಗಿ ಏನಾದರೂ ಸಿಕ್ಕಿದೆಯೇ, ಅಥವಾ ಹಳೆಯ ಆರೋಪಗಳೇ ಮರುಕಳಿಸುತ್ತಿವೆಯೇ?

ಉತ್ತರ: ಸಿಕ್ಕಿದೆ, ಅದೂ ಅವರ ಮನೆಯಲ್ಲೇ. 2003ರ ಸೆಪ್ಟೆಂಬರ್ 8ರಂದು, 101ನೆಯ ವಯಸ್ಸಿನಲ್ಲಿ, ಬವೇರಿಯಾದ ಪೋಕಿಂಗ್‌ನಲ್ಲಿ ಅವರು ತೀರಿಕೊಂಡರು. ಜೊತೆಗಾರ ಹೋರ್ಸ್ಟ್ ಕೆಟ್ನರ್ 2016ರಲ್ಲಿ ತೀರಿಕೊಂಡ ಮೇಲೆ ಆಸ್ತಿ ರೀಫೆನ್‌ಸ್ಟಾಲ್ ಅವರ ಕಾರ್ಯದರ್ಶಿಯ ಕೈಸೇರಿತು, ಆ ಕಾರ್ಯದರ್ಶಿ 2018ರಲ್ಲಿ ಇಡೀ ಸಂಗ್ರಹವನ್ನು ಬರ್ಲಿನ್ನಿನ ಪ್ರಷ್ಯನ್ ಸಾಂಸ್ಕೃತಿಕ ಪರಂಪರೆ ಪ್ರತಿಷ್ಠಾನಕ್ಕೆ ದಾನವಾಗಿ ಕೊಟ್ಟರು. ಸುಮಾರು 700 ಪೆಟ್ಟಿಗೆಗಳು: ಫೋಟೋ, ರೀಲು, ಪತ್ರ, ಆತ್ಮಕಥೆಯ ಕರಡು, ದೂರವಾಣಿ ಸಂಭಾಷಣೆಗಳ ಧ್ವನಿಮುದ್ರಣ. ಇವನ್ನು ಆಧರಿಸಿ ಆಂಡ್ರೆಸ್ ಫೈಯೆಲ್ ಮಾಡಿದ ಸಾಕ್ಷ್ಯಚಿತ್ರ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೆರೆಕಂಡಿತು. 1938ರಲ್ಲಿ, ಬರ್ಲಿನ್ ಒಲಿಂಪಿಕ್ಸ್ ಕುರಿತ ರೀಫೆನ್‌ಸ್ಟಾಲ್ ಅವರ ‘ಒಲಿಂಪಿಯಾ’ ಚಿತ್ರಕ್ಕೆ ಮುಸೊಲಿನಿ ಹೆಸರಿನ ಪ್ರಶಸ್ತಿ ಕೊಟ್ಟ ಉತ್ಸವವೂ ಅದೇ.

ಫೈಯೆಲ್ ಅವರ ಚಿತ್ರದಲ್ಲಿ ಹೆಚ್ಚು ಚರ್ಚೆಯಾದದ್ದು ಪೋಲೆಂಡಿನ ಕೋನ್ಸ್ಕಿ ಪಟ್ಟಣದ ಘಟನೆ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧದ ಚಿತ್ರೀಕರಣಕ್ಕೆಂದು ಹೋಗಿದ್ದ ರೀಫೆನ್‌ಸ್ಟಾಲ್ ಮುಖ ಕಿವಿಚಿ ಅಳುವಂತೆ ನಿಂತ ಫೋಟೋ ಒಂದಿದೆ. ಅಂದು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಯಹೂದಿಗಳನ್ನು ಗುಂಡಿಟ್ಟು ಕೊಲ್ಲಲಾಯಿತು. ತಾನು ಆಕಸ್ಮಿಕವಾಗಿ ಕಂಡು ಆಘಾತಗೊಂಡೆ ಎಂದೊಮ್ಮೆ, ಶವಗಳನ್ನೇ ಕಾಣಲಿಲ್ಲ ಎಂದೊಮ್ಮೆ ಅವರು ಹೇಳಿದರು. ಪೆಟ್ಟಿಗೆಯಲ್ಲಿ ಸಿಕ್ಕಿದ, ಸೈನ್ಯಾಧಿಕಾರಿಯೊಬ್ಬರು ಅವರ ಮಾಜಿ ಪತಿಗೆ ಬರೆದ ಪತ್ರ ಬೇರೆಯೇ ಹೇಳುತ್ತದೆ: ಚಿತ್ರೀಕರಣದ ಚೌಕಟ್ಟಿನಿಂದ ಯಹೂದಿಗಳು ಸರಿಯಬೇಕೆಂದು ಆಕೆ ಸೂಚಿಸಿದರಂತೆ, ಆ ಮಾತು ಸೈನಿಕರ ಬಾಯಲ್ಲಿ ಗದರಿಕೆಯಾಗಿ, ಜನ ಹೆದರಿ ಓಡಿದಾಗ ಗುಂಡು ಹಾರಿತಂತೆ. ಇಲ್ಲಿ ‘ಅಂತೆ’ ಎಂಬುದನ್ನು ನಾನು ಬೇಕೆಂದೇ ಉಳಿಸಿಕೊಂಡಿದ್ದೇನೆ. ಇದು ಒಬ್ಬನ ಪತ್ರ, ತೀರ್ಪಲ್ಲ. ಆದರೆ ಅದನ್ನು ಹರಿದೆಸೆಯದೆ ಜೋಪಾನವಾಗಿ ಇಟ್ಟವರು ಅವರೇ ಎಂಬುದು ಸಂಗ್ರಹಾಗಾರದ ಕೆಲಸದವಳಾದ ನನ್ನನ್ನು ಇಂದಿಗೂ ಕಾಡುತ್ತದೆ. ಕಾಗದ ಎಸೆಯಲಾರದ ಸ್ವಭಾವವೋ, ತನ್ನ ವಿರುದ್ಧ ಯಾರು ಏನು ಬಲ್ಲರೆಂದು ಎಚ್ಚರದಿಂದಿರಲು ಇಟ್ಟದ್ದೋ?

ರೀಫೆನ್‌ಸ್ಟಾಲ್ ಯುದ್ಧಾನಂತರ ತೆಗೆದ, ಸುಡಾನಿನ ನೂಬಾ ಜನರ ಫೋಟೋಗಳು ಬೇರೆಯದೇ ದೊಡ್ಡ ವಿಷಯ. ಅವುಗಳ ಪುಸ್ತಕ ಬಂದ ಮೇಲೆ, 1975ರಲ್ಲಿ, ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಬರೆದ ಕಟು ವಿಮರ್ಶೆಯನ್ನು ತರಗತಿಯಲ್ಲಿ ಓದಿಸಿ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ, ಆದರೂ ಓದಿಸಿ.

ಪ್ರಶ್ನೆ (ಚಿತ್ರಸಮಾಜದ ಇನ್ನೊಬ್ಬ ಸದಸ್ಯರು): ಹಾಗಾದರೆ ತೋರಿಸಬೇಕೇ, ಬೇಡವೇ? ಸಮಿತಿ ಸಭೆ ಭಾನುವಾರ ಇದೆ.

ಉತ್ತರ: ತೋರಿಸಿ, ಆದರೆ ಸರಣಿಯ ಉದ್ಘಾಟನೆಗೆ ಬೇಡ, ನಂತರದ ಚರ್ಚೆಗೆ ಸಮಯವಿಲ್ಲದ ಸಂಜೆಗೂ ಬೇಡ. ಅಂತರ್ಜಾಲದಲ್ಲಿ ಓಡಾಡುವ ಪ್ರತಿಗಳಲ್ಲಿ ಯಾವುದು ಪೂರ್ಣ, ಯಾವುದು ಅಭಿಮಾನಿಗಳು ಕತ್ತರಿಸಿದ್ದು ಎಂದು ಗುರುತಿಸುವುದು ಕಷ್ಟವಾದ್ದರಿಂದ ಪ್ರತಿಯ ಮೂಲ ವಿಚಾರಿಸಿಕೊಳ್ಳಿ. ಮೊದಲ ಹತ್ತು ನಿಮಿಷ ಮೋಡಗಳ ನಡುವಿನಿಂದ ವಿಮಾನ ಇಳಿಯುವುದನ್ನೂ ಅದರ ನೆರಳು ಬೀದಿಯಲ್ಲಿ ನಡೆಯುತ್ತಿರುವವರ ಮೇಲೆ ಹಾದುಹೋಗುವುದನ್ನೂ ಯಾವ ಪೀಠಿಕೆಯೂ ಇಲ್ಲದೆ ನೋಡಲು ಬಿಡಿ, ಪ್ರೇಕ್ಷಕರು ಮರುಳಾಗಲಿ. ಆಮೇಲೆ ಲಿಫ್ಟ್ ಇರುವ ದೃಶ್ಯವನ್ನು ನಿಲ್ಲಿಸಿ ತೋರಿಸಿ. ಚಿತ್ರ ಮುಗಿದ ಮೇಲೆ ‘ಟೀಫ್‌ಲಾಂಡ್’ನ ಒಂದೆರಡು ನಿಮಿಷದ ತುಣುಕನ್ನು ಸೇರಿಸಿ. ಅದರಲ್ಲಿ ನರ್ತಕಿಯ ಸುತ್ತ ನಿಂತ ಹಳ್ಳಿಗರ ಮುಖಗಳಿವೆ. ನರ್ತಕಿ ಸ್ವತಃ ರೀಫೆನ್‌ಸ್ಟಾಲ್. ಆ ಹಿನ್ನೆಲೆಯ ಮುಖಗಳು ಎಲ್ಲಿಂದ ಬಂದವು, ಎಲ್ಲಿಗೆ ಹೋದವು ಎಂಬ ಎರಡು ಸಾಲನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ. ಕರಪತ್ರದ ಕರಡು ಸಿದ್ಧವಾದಾಗ ಇಲ್ಲಿಗೆ ಕಳುಹಿಸಿ, ನೋಡಿಕೊಡುತ್ತೇನೆ.