ತುರ್ತಾಗಿ ಪದ ಬೇಕು: ಫೋಟೊ ‘ಸ್ಟ್ಯಾಕಿಂಗ್’ಗೆ ಕನ್ನಡದಲ್ಲಿ ಎಂತ ಹೇಳುವುದು?

ಎಲ್ಲರಿಗೂ ನಮಸ್ಕಾರ, ಒಂದು ಪದ ಬೇಕಿತ್ತು, ಶುಕ್ರವಾರ ಫ್ಲೆಕ್ಸ್ ಪ್ರಿಂಟಿಗೆ ಕೊಡ್ಲಿಕ್ಕುಂಟು. ಕಾಸರಗೋಡಿನ ಬದಿಯಡ್ಕ ಹತ್ರದ ಒಂದು ಶಾಲೆಯಲ್ಲಿ ವಿಜ್ಞಾನ ಮೇಳ, ನಾನು ತೆಗೆದ ಆಂಡ್ರೊಮಿಡಾ ಗ್ಯಾಲಕ್ಸಿಯ ಫೋಟೊ ಅಲ್ಲಿ ಇಡ್ತಾರೆ, ಅಡಿಯಲ್ಲಿ ಅದನ್ನು ಹೇಗೆ ತೆಗೆದದ್ದು ಅಂತ ಮಲಯಾಳದಲ್ಲೂ ಕನ್ನಡದಲ್ಲೂ ಬರೀಬೇಕು. ಮಲಯಾಳದ್ದು ಅಲ್ಲಿನ ಟೀಚರು ಬರೆದು ಆಯ್ತು. ಕನ್ನಡದ್ದು ‘ಸ್ಟ್ಯಾಕಿಂಗ್’ ಹತ್ರ ಬಂದು ನಿಂತಿದೆ.

ಕೆಲಸ ಎಂತದ್ದು ಅಂತ ಹೇಳ್ತೇನೆ, ಇಲ್ಲದಿದ್ರೆ ಪದ ತಪ್ಪುತ್ತದೆ. ಡಿಸೆಂಬರಿನ ಒಂದು ರಾತ್ರಿ ಪೊಸಡಿಗುಂಪೆ ಗುಡ್ಡದ ಹತ್ರ ಟ್ರ್ಯಾಕರ್ (ನಕ್ಷತ್ರ ಸರಿದ ಹಾಗೆ ಕ್ಯಾಮರಾವನ್ನೂ ತಿರುಗಿಸುವ ಸಾಧನ) ಮೇಲೆ ಕ್ಯಾಮರಾ ಇಟ್ಟು, 200 ಎಂಎಂ ಲೆನ್ಸಲ್ಲಿ 30 ಸೆಕೆಂಡಿನ 144 ಫೋಟೊ ತೆಗೆದೆ. ಒಂದೊಂದನ್ನೇ ನೋಡಿದ್ರೆ ನಡುವಲ್ಲಿ ಒಂದು ಮಬ್ಬು ಬೊಟ್ಟು, ಉಳಿದದ್ದೆಲ್ಲ ಕೆಂಪು ಹಸಿರು ರವೆ ಚೆಲ್ಲಿದ ಹಾಗೆ ನಾಯ್ಸ್. ಆಮೇಲೆ ಸಿರಿಲ್ ಸಾಫ್ಟ್‌ವೇರ್ ನಕ್ಷತ್ರದ ಮೇಲೆ ಅದೇ ನಕ್ಷತ್ರ ಕೂರುವ ಹಾಗೆ 144ನ್ನೂ ಹೊಂದಿಸಿ ಸರಾಸರಿ ತೆಗೀತದೆ. ಗ್ಯಾಲಕ್ಸಿಯ ಬೆಳಕು ಎಲ್ಲದರಲ್ಲೂ ಅದೇ ಜಾಗದಲ್ಲಿ ಇರ್ತದೆ, ನಾಯ್ಸ್ ಒಂದೊಂದರಲ್ಲಿ ಒಂದೊಂದು ಕಡೆ, ಹಾಗಾಗಿ ಬೆಳಕು ಉಳೀತದೆ, ನಾಯ್ಸ್ 144ರ ವರ್ಗಮೂಲದ ಲೆಕ್ಕದಲ್ಲಿ 12ರಲ್ಲಿ ಒಂದು ಪಾಲಿಗೆ ಇಳೀತದೆ. ಅದರ ಮೇಲೆ ಮಬ್ಬು ಭಾಗವನ್ನು ಎಳೆದು ಬೆಳಗಿಸಿದ್ರೆ ಆಗ ಧೂಳಿನ ಪಟ್ಟೆ, ಸುರುಳಿ ಎಲ್ಲ ಕಾಣ್ಲಿಕ್ಕೆ ಸುರು.

ನನ್ನ ಬಾಯಿಗೆ ಬಂದದ್ದು ‘ಅಟ್ಟಿ’, ಒಂದರ ಮೇಲೊಂದು ಇಟ್ಟದ್ದು ಅಂತ. ಸೌದೆ ಅಟ್ಟಿ, ಹಂಚಿನ ಅಟ್ಟಿ ಅಂತ ಮನೆಯಲ್ಲಿ ಹೇಳುವುದೇ. ‘ಫೋಟೊಗಳನ್ನು ಅಟ್ಟಿಸುವುದು’ ಅಂತ ಹಾಕಲಾ? ನಾಯ್ಸಿಗೆ ‘ಜೊಳ್ಳು’ ಆಗ್ತದಾ?

* * *

ಅಟ್ಟಿ ಬೇಡ. ಅದು ಮಲಯಾಳದ್ದು, ಗೋಡೌನಿನಲ್ಲಿ ಮೂಟೆ ಇಳಿಸುವಾಗ ದಿನಾ ಕೇಳುವ ಮಾತು. ಇಲ್ಲಿ ಕನ್ನಡ ಬೋರ್ಡ್ ಒಂದು ಬರುವುದೇ ಕಷ್ಟದಲ್ಲಿ, ಬಂದದ್ದರಲ್ಲೂ ಪಕ್ಕದ ಕಾಲಮಿನ ಪದವೇ ಕೂತರೆ ನಮಗೆ ಉಳಿಯುವುದು ಎಂತ? ‘ಸಂಚಯನ’ ಅಂತ ಹಾಕಿ. ಸಂಸ್ಕೃತದ ಚಿ ಧಾತು, ಒಂದರ ಮೇಲೊಂದು ಕೂಡಿಸುವುದು ಅಂತಲೇ ಅರ್ಥ, ಯಜ್ಞದ ವೇದಿಗೆ ಇಟ್ಟಿಗೆ ಜೋಡಿಸುವುದಕ್ಕೆ ಚಯನ ಅಂತಲೇ ಹೆಸರು, ಇದಕ್ಕಿಂತ ಸರಿಯಾದ ಪದ ಹುಡುಕಿದ್ರೂ ಸಿಗ್ಲಿಕ್ಕಿಲ್ಲ. ಮತ್ತೆ ಗ್ಯಾಲಕ್ಸಿ ಅಂತ ಯಾಕೆ? ಹಳೇ ವಿಜ್ಞಾನ ಬರಹಗಳಲ್ಲಿ ಬ್ರಹ್ಮಾಂಡ ಅಂತ ಇತ್ತು. ಅದು ದೊಡ್ಡದಾಯ್ತು ಅಂತಾದ್ರೆ ನೀಹಾರಿಕೆ.

* * *

ಮಾಷ್ಟ್ರೆ, ಸಂಚಯನ ದಯವಿಟ್ಟು ಬೇಡ. ನಮ್ಮೂರಲ್ಲಿ ಸಂಚಯನ ಅಂದ್ರೆ ಚಿತೆಯಿಂದ ಅಸ್ಥಿ ಹೆಕ್ಕುವ ದಿನ, ಮಲಯಾಳ ಪೇಪರಿನ ಮರಣವಾರ್ತೆಯಲ್ಲಿ ಇಂಥ ದಿನ ಸಂಚಯನ ಅಂತ ಹಾಕ್ತಾರಲ್ಲ, ಅದನ್ನು ಕಂಡ ಮಕ್ಕಳೇ ಈ ಬೋರ್ಡ್ ಓದುವುದು. ಧಾತು ಸರಿ ಇದ್ರೆ ಸಾಲದು, ಕಿವಿಗೆ ಬಿದ್ದಾಗ ಎಂತ ನೆನಪಾಗ್ತದೆ ಅಂತಲೂ ನೋಡ್ಬೇಕು.

ಅಟ್ಟಿ ಮಲಯಾಳದ್ದು ಅನ್ನುವುದನ್ನು ಒಪ್ಪುವುದಿಲ್ಲ. ತುಳುವಿನಲ್ಲೂ ಅಟ್ಟಿಯೇ. ಕನ್ನಡದ ಅಡಕು, ತಮಿಳಿನ ಅಡುಕ್ಕು, ಈ ಅಟ್ಟಿ ಎಲ್ಲ ಒಂದೇ ಬುಡದ ಚಿಗುರು ಅಂತ ನನ್ನ ವಾದ. ಅಜ್ಜನ ಮನೆಯ ಪಾತ್ರೆ ಪಾಲಾಗಿ ಮೂರು ಮನೆಯಲ್ಲಿದ್ರೆ ಯಾರು ಯಾರಿಂದ ಸಾಲ ತಂದದ್ದು ಅಂತ ಹೇಳುವುದು? ಸಂಸ್ಕೃತದಿಂದ ತಂದದ್ದು ಸ್ವಂತ, ನೆರೆಮನೆಯಲ್ಲಿ ಇರುವಂಥದ್ದು ಪರಕೀಯ ಅನ್ನುವ ಲೆಕ್ಕ ನನಗೆ ಎಂದಿಗೂ ಸರಿ ಕಂಡದ್ದಿಲ್ಲ, ಹಾಗೆ ಹೇಳಿ ಹೇಳಿಯೇ ನಮ್ಮ ಮಕ್ಕಳಿಗೆ ಮನೆಮಾತು ಬರೆಯುವ ಧೈರ್ಯ ಹೋದದ್ದು.

ನೀಹಾರಿಕೆ ಅಂತೂ ತಪ್ಪು. ನೀಹಾರಿಕೆ ಅಂದ್ರೆ ಅನಿಲ, ಧೂಳಿನ ಮೋಡ. 1923ರಲ್ಲಿ ಹಬಲ್ ಆಂಡ್ರೊಮಿಡಾದ ಒಳಗೆ ಒಂದು ಸೆಫೀಡ್ ನಕ್ಷತ್ರ (ಬೆಳಕು ಕ್ರಮವಾಗಿ ಏರಿ ಇಳಿಯುವಂಥದ್ದು) ಕಂಡು, ಅದರ ಮಿಡಿತದಿಂದ ದೂರ ಲೆಕ್ಕ ಹಾಕಿದ ಮೇಲೆ ಅದು ನಮ್ಮ ಆಕಾಶಗಂಗೆಯ ಹೊರಗಿನದ್ದು, ಬೇರೆಯೇ ನಕ್ಷತ್ರಗಳ ಲೋಕ ಅಂತ ಆಯ್ತು. ಬ್ರಹ್ಮಾಂಡ ಅಂದ್ರೆ ಈಗ ಎಲ್ಲರೂ ಇಡೀ ವಿಶ್ವ ಅಂತ ತಿಳ್ಕೊಳ್ತಾರೆ. ಗ್ಯಾಲಕ್ಸಿ ಇರ್ಲಿ, ಅದರ ಬುಡದಲ್ಲಿರುವುದು ಗ್ರೀಕಿನ ಹಾಲು, ನಮ್ಮ ಕ್ಷೀರಪಥದಲ್ಲಿರುವುದೂ ಹಾಲೇ.

* * *

ಅಟ್ಟಿಸು ಅಂದ್ರೆ ಓಡಿಸು, ಬೆನ್ನು ಹತ್ತು. ಘಟ್ಟದ ಮೇಲಿನವರು ಓದಿದ್ರೆ ಫೋಟೊಗಳನ್ನ ಯಾರೋ ಅಟ್ಟಿಸ್ಕೊಂಡು ಹೋದ್ರು ಅಂತ ಆಗುತ್ತೆ. ಪೇರಿಸು ಅನ್ನಿ, ಮುಗೀತು. ಜೊಳ್ಳೂ ತಪ್ಪು. ಜೊಳ್ಳು ಅಂದ್ರೆ ಕಾಳಿಲ್ಲದ ಭತ್ತ, ತೂರಿ ಬೇರೆ ಮಾಡಬಹುದು, ನೀವು ಹೇಳೋ ನಾಯ್ಸ್‌ನ ಹಾಗೆ ಬೇರೆ ಮಾಡೋಕಾಗಲ್ಲ.

* * *

ಅಟ್ಟಿಸು ವಿಷಯ ನನಗೆ ಹೊಳೆದೇ ಇರ್ಲಿಲ್ಲ, ಪ್ರಿಂಟಿಗೆ ಹೋಗುವ ಮೊದಲು ಹೇಳಿದ್ದು ದೊಡ್ಡ ಉಪಕಾರ. ಹೆಸರಿಗೆ ‘ಅಟ್ಟಿ’, ಕ್ರಿಯೆಗೆ ‘ಅಟ್ಟಿ ಕಟ್ಟು’ ಅಂತ ಇಟ್ಟುಕೊಳ್ತೇನೆ. ಪೇರಿಸು ಯಾಕೆ ಬೇಡ ಅಂದ್ರೆ, ಹೇಗೆ ಬೇಕಾದ್ರೂ ಪೇರಿಸಬಹುದು. ಅಟ್ಟಿ ಕಟ್ಟುವಾಗ ಅಂಚಿಗೆ ಅಂಚು ಹೊಂದಿಸಿ ಇಡ್ಬೇಕು, ಇಲ್ಲದಿದ್ರೆ ಜಾರ್ತದೆ, ನನ್ನ ಅಪ್ಪ ಹಂಚು ಇಡುವಾಗ ಅದಕ್ಕೇ ಬೈತಿದ್ದದ್ದು. ಇಲ್ಲಿಯೂ ನಕ್ಷತ್ರಕ್ಕೆ ನಕ್ಷತ್ರ ಕೂರದಿದ್ರೆ ರಾತ್ರಿಯಿಡೀ ನಿಂತದ್ದು ದಂಡ.

ಜೊಳ್ಳು ಪೂರ್ತಿ ಬಿಡುವುದಿಲ್ಲ. ಕ್ಯಾಮರಾದ ಸೆನ್ಸರಿನಲ್ಲಿ ಹಾಟ್ ಪಿಕ್ಸೆಲ್ ಅಂತ ಉಂಟು, ಎಲ್ಲ ಫೋಟೊದಲ್ಲೂ ಅದೇ ಜಾಗದಲ್ಲಿ ಹೊಳೀತದೆ. ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಹೊತ್ತು, ಅಷ್ಟೇ ಬಿಸಿಯಲ್ಲಿ ಡಾರ್ಕ್ ಫ್ರೇಮ್ ತೆಗೆದು ಕಳೆದ್ರೆ ಅದು ಹೋಗ್ತದೆ, ತೂರಿದ ಹಾಗೆಯೇ. ಜೊಳ್ಳು ಅದಕ್ಕೆ. ಬಾಕಿ ನಾಯ್ಸಿಗೆ ಮೊದಲ ಮೈಲಿನಲ್ಲಿ ನನಗೆ ಗೊತ್ತಿಲ್ಲದೆ ಬಂದ ‘ರವೆ’ಯೇ ಇರ್ಲಿ.

ಈಗ ಬೋರ್ಡ್ ಹೀಗೆ: ‘ಈ ಚಿತ್ರ 30 ಸೆಕೆಂಡಿನ 144 ಫೋಟೊಗಳ ಅಟ್ಟಿ. ಅಟ್ಟಿ ಕಟ್ಟಿದಷ್ಟೂ ರವೆ ಇಳಿಯುತ್ತದೆ, ಗ್ಯಾಲಕ್ಸಿಯ ಬೆಳಕು ಉಳಿಯುತ್ತದೆ. ಈ ಬೆಳಕು ಇಲ್ಲಿಗೆ ಬರ್ಲಿಕ್ಕೆ ಸುಮಾರು 25 ಲಕ್ಷ ವರ್ಷ ಹಿಡಿದಿದೆ.’

ಬರ್ಲಿಕ್ಕೆ ಅನ್ನುವುದನ್ನು ಬರಲು ಅಂತ ತಿದ್ದಬೇಕಾ? ಗುರುವಾರ ರಾತ್ರಿಯೊಳಗೆ ಹೇಳಿ, ಮಾಷ್ಟ್ರು ಮುಖ್ಯವಾಗಿ.