ಅಕ್ರಿಲಿಕ್‌ಗೆ ಬೆಳ್ಳಿ ಅಯಾನು ಹೊಡೆಸಿದೆ, 420ರ ಪೀಕ್ ಬರ್ತಿಲ್ಲ

ಪ್ರಶ್ನೆ (ಪುಣೆ):
ನಮಸ್ಕಾರ. ಆಪ್ಟಿಕಲ್ ಫಿಲ್ಟರ್‌ಗೆ ಅಂತ 1 ಮಿಲಿಮೀಟರ್ ದಪ್ಪದ ಅಕ್ರಿಲಿಕ್ ಹಾಳೆಗೆ ಬೆಳ್ಳಿ ಅಯಾನು ಹೊಡೆಸಿದ್ದೇನೆ, ಅಂದರೆ ವ್ಯಾಕ್ಯೂಮ್‌ನಲ್ಲಿ ವೇಗವಾಗಿ ಒಳಗೆ ತೂರಿಸಿದ್ದೇನೆ. ಶಕ್ತಿ 30 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್), ಡೋಸ್ ಚದರ ಸೆಂಟಿಮೀಟರಿಗೆ 5×10¹⁶ ಅಯಾನು, ಕರೆಂಟ್ ಚದರ ಸೆಂಟಿಮೀಟರಿಗೆ 8 ಮೈಕ್ರೋಆಂಪ್. 17 ನಿಮಿಷದಲ್ಲಿ ಮುಗಿಯಿತು. ಒಳಗೆ ಕಟ್ಟುವ ಬೆಳ್ಳಿಯ ನ್ಯಾನೋ ಕಣಗಳು ಬೆಳಕು ಹೀರುವ ಪ್ಲಾಸ್ಮಾನ್ ಪೀಕ್ 420 ನ್ಯಾನೋಮೀಟರ್ ಆಸುಪಾಸು ಬರಬೇಕಿತ್ತು, ಬಂದಿಲ್ಲ. 550ರ ಹತ್ತಿರ ಅಗಲವಾದ ಒಂದು ಉಬ್ಬು ಅಷ್ಟೇ. ಹಾಳೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಕ್ಲಿಪ್ ಕೂತಿದ್ದ ಮೂಲೆ ಮಾತ್ರ ತಿಳಿಯಾಗಿದೆ, ಗೆರೆ ಎಳೆದ ಹಾಗೆ. ಬೆಳ್ಳಿ ಒಳಗೆ ಹೋಗೇ ಇಲ್ವಾ? ಗಾಜಿಗೆ ಮಾಡುವ ಹಾಗೆ ಕುಲುಮೆಯಲ್ಲಿ ಕಾಯಿಸಲಾ?

ಉತ್ತರ (ಡೊಂಬಿವಲಿ, ಮುಂಬೈ):
ದಯವಿಟ್ಟು ಕಾಯಿಸಬೇಡಿ. ಗಾಜು ತಡೆಯುತ್ತದೆ, ಅಕ್ರಿಲಿಕ್ 105 ಡಿಗ್ರಿ ಸುಮಾರಿಗೇ ಮೆತ್ತಗಾಗುತ್ತದೆ.

ಬೆಳ್ಳಿ ಒಳಗೇ ಇದೆ. ಅಡ್ಡ ಬಂದಿರುವುದು ಇದ್ದಿಲು. ಅಯಾನು ನುಗ್ಗುವಾಗ ಪಾಲಿಮರ್ ಸರಪಳಿ ತುಂಡಾಗುತ್ತದೆ. ಹೈಡ್ರೋಜನ್, ಆಕ್ಸಿಜನ್ ಇರುವ ಚೂರುಗಳು ಅನಿಲವಾಗಿ ಪಂಪಿಗೆ ಹೋಗುತ್ತವೆ, ಇಂಗಾಲ ಅಲ್ಲೇ ಉಳಿಯುತ್ತದೆ. ಇದೆಲ್ಲ ಮೇಲಿನ ಕೆಲವು ಹತ್ತು ನ್ಯಾನೋಮೀಟರಿನಲ್ಲಿ, ಬೆಳ್ಳಿ ಕೂರುವ ಜಾಗದಲ್ಲೇ. ಕಣದ ಸುತ್ತ ಇಂಗಾಲ ಕಟ್ಟಿಕೊಂಡರೆ ಅಲ್ಲಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಏರುತ್ತದೆ. ಪೀಕ್ ಕೆಂಪು ಕಡೆ ಸರಿದು, ಅಗಲವಾಗಿ, ಮಂಕಾಗುತ್ತದೆ. ನಿಮ್ಮ 550ರ ಉಬ್ಬು ಅದೇ ಇರಬೇಕು.

ಮೊದಲು ಅದೇ ಹಾಳೆಯ ಇನ್ನೊಂದು ತುಂಡಿಗೆ ಅದೇ ಶಕ್ತಿ, ಅದೇ ಡೋಸ್‌ನಲ್ಲಿ ಕ್ಸೆನಾನ್ ಅನಿಲದ ಅಯಾನು ಹೊಡೆಸಿ. ತೂಕದಲ್ಲಿ ಬೆಳ್ಳಿಗೆ ಹತ್ತಿರ, ಆದರೆ ಲೋಹದ ಕಣ ಕಟ್ಟಲ್ಲ. ಎರಡೂ ಸ್ಪೆಕ್ಟ್ರಮ್ ಪಕ್ಕಪಕ್ಕ ಇಟ್ಟರೆ ಇಂಗಾಲದ ಪಾಲು ಎಷ್ಟು ಅಂತ ಕಾಣುತ್ತದೆ. ಇದನ್ನು ಬಿಟ್ಟರೆ ಸುಮ್ನೆ ಕತ್ತಲಲ್ಲಿ ತಡಕಾಡಿದ ಹಾಗೆ.

ಆಮೇಲೆ ಡೋಸ್ 2×10¹⁶ಕ್ಕೆ, ಕರೆಂಟ್ 1 ಮೈಕ್ರೋಆಂಪ್‌ಗೆ ಇಳಿಸಿ. 53 ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಹಾಳೆಯ ಬೆನ್ನು ತಾಮ್ರದ ತಟ್ಟೆಗೆ ಬಿಗಿಯಾಗಿ ಒತ್ತಿರಲಿ. ಮಳೆಗಾಲದಲ್ಲಿ ಇಲ್ಲಿ ಹಾಳೆ ತೇವ ಎಳೆದುಕೊಂಡು ವ್ಯಾಕ್ಯೂಮ್ ಬೇಗ ಬರುವುದೇ ಇಲ್ಲ. ನಾನು ಹಿಂದಿನ ರಾತ್ರಿಯೇ 70 ಡಿಗ್ರಿಯಲ್ಲಿ ಒಣಗಲು ಇಡುತ್ತೇನೆ.

ಪ್ರಶ್ನೆ (ಪುಣೆ):
ಸರ್, ಕರೆಂಟ್ ಇಳಿಸಿದರೆ ಇದ್ದಿಲಾಗುವುದು ನಿಲ್ಲುತ್ತಾ?

ಉತ್ತರ (ಡೊಂಬಿವಲಿ, ಮುಂಬೈ):
ಪೂರ್ತಿ ನಿಲ್ಲಲ್ಲ. ಬಿಸಿಯಿಂದ ಆಗುವ ಹಾನಿ ಮಾತ್ರ ತಗ್ಗುತ್ತದೆ. ಹಾಳೆ ತಣ್ಣಗಿದ್ದರೂ ಅಯಾನು ಸರಪಳಿ ಮುರಿದೇ ಮುರಿಯುತ್ತದೆ. ಅದಕ್ಕೇ ಡೋಸ್ ಇಳಿಸಿ ಅಂದಿದ್ದು.

ಪುಣೆ, ಎರಡು ವಾರದ ಮೇಲೆ:
ಸರ್, ಬಂತು! 440ರ ಬಳಿ ಪುಟ್ಟ ಪೀಕ್. ಹಾಳೆ ಜೇನಿನ ಬಣ್ಣಕ್ಕಿದೆ, ಹಿಂದಿಟ್ಟ ಅಕ್ಷರ ಓದಬಹುದು. ಕ್ಸೆನಾನ್ ಹೊಡೆಸಿದ ತುಂಡಿನಲ್ಲಿ ಆ ಪೀಕ್ ಇಲ್ಲ.