ಗ್ಯಾರೇಜ್ ನೆಲ ಮೂಲೆಮಟ್ಟಕ್ಕಿಲ್ಲ, ಒಂದು ಮೂಲೆ ತಗ್ಗು: ಒಡೆದು ಮತ್ತೆ ಹಾಕಬೇಕಾ?

ಪ್ರಶ್ನೆ

ಮನೆಗೆ ಅಂಟದ ಹಾಗೆ ಬಿಡಿಯಾಗಿ ಗ್ಯಾರೇಜ್ ಕಟ್ಟುತ್ತಿದ್ದೇನೆ. ಅಗಲ 24 ಅಡಿ, ಆಳ 20 ಅಡಿ. ಕಾಂಕ್ರೀಟ್ ನೆಲ ಹಾಕಿ ಎರಡು ತಿಂಗಳಾಯಿತು. ಗೋಡೆಗೆ ಮರದ ಚೌಕಟ್ಟು. ಮುಂದಿನ ಗೋಡೆ ನಿಲ್ಲಿಸಿದ ಮೇಲೆ ಟೇಪ್ ಹಿಡಿದು ನೋಡಿ ಎದೆ ಧಸಕ್ಕೆಂದಿತು. ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದರೆ ಎರಡು ಅಳತೆಗೂ ಒಂದೂವರೆ ಇಂಚು ವ್ಯತ್ಯಾಸ. ಹಿಂದಿನ ಎಡ ಮೂಲೆ ಮುಕ್ಕಾಲು ಇಂಚು ತಗ್ಗು. ಬಾಗಿಲಿಗೆ 16 ಅಡಿ ಬಿಟ್ಟಿರುವ ಮುಂದಿನ ಗೋಡೆ ಕೈಯಲ್ಲಿ ತಳ್ಳಿದರೂ ಪಕ್ಕಕ್ಕೆ ಓಲಾಡುತ್ತದೆ. ಎಲ್ಲ ಒಡೆದು ಹಾಕಬೇಕಾ? ನಿದ್ದೆ ಬರುತ್ತಿಲ್ಲ.

ಉತ್ತರ

ಒಡೆಯಬೇಡಿ ಸರ್. ಓರೆ ಅಳತೆಯ ವ್ಯತ್ಯಾಸ ಕೇಳಲು ದೊಡ್ಡದು, ಸರಿಪಡಿಸಲು ಸಣ್ಣದು. 24ಕ್ಕೆ 20 ಅಡಿ ಇದ್ದರೆ ಓರೆ ಅಳತೆ ಸುಮಾರು 31 ಅಡಿ 3 ಇಂಚು ಬರಬೇಕು. ಒಂದೂವರೆ ಇಂಚು ವ್ಯತ್ಯಾಸ ಅಂದರೆ ಹಿಂದಿನ ಅಂಚು ಮುಂದಿನದಕ್ಕಿಂತ ಹೆಚ್ಚುಕಮ್ಮಿ ಒಂದು ಇಂಚು ಪಕ್ಕಕ್ಕೆ ಸರಿದಿದೆ, ಅಷ್ಟೇ. ನೆಲದ ಅಂಚನ್ನು ನಂಬಬೇಡಿ. ನೆಲದ ಮೇಲೆ ದಾರ ಹಿಡಿದು ಸರಿಯಾದ ಚೌಕ ಗುರುತು ಮಾಡಿ. ತಪ್ಪನ್ನು ಹಿಂದೆ ಮುಂದೆ ಅರ್ಧರ್ಧ ಹಂಚಿ. ಗೋಡೆ ಚೌಕಟ್ಟಿನ ಅಡಿಯಲ್ಲಿ ನೆಲದ ಮೇಲೆ ಮಲಗುವ ತಳದ ಹಲಗೆ ಒಂದು ತುದಿಯಲ್ಲಿ ಅರ್ಧ ಇಂಚು ಹೊರಚಾಚಿದರೆ ತೊಂದರೆಯಿಲ್ಲ. ಆ ಹಲಗೆಯನ್ನು ಕಾಂಕ್ರೀಟಿಗೆ ಹಿಡಿಯುವ ಬೋಲ್ಟ್‌ಗಳಿಗಾಗಿ ಮುಂದಿನ ಗೋಡೆಯ ಹಲಗೆಯಲ್ಲಿರುವ ತೂತುಗಳನ್ನು ಅಷ್ಟು ಉದ್ದ ಮಾಡಿ, ಮೇಲೆ 3 ಇಂಚಿನ ದಪ್ಪ ಚೌಕ ಪ್ಲೇಟ್ ಹಾಕಿ ನಟ್ ಬಿಗಿಯಿರಿ. ಬೋಲ್ಟನ್ನು ಮಾತ್ರ ಬಡಿದು ಬಗ್ಗಿಸಬೇಡಿ.

ನನಗೆ ಭಯ ಇರುವುದು ಆ ತಗ್ಗು ಮೂಲೆಯದ್ದು. ಹಾಕುವಾಗಲೇ ತಗ್ಗಾಗಿತ್ತಾ, ಈಗಲೂ ಇಳಿಯುತ್ತಿದೆಯಾ? ಅದು ಗೊತ್ತಾಗುವ ತನಕ ಮತ್ತೊಂದು ಮೊಳೆ ಹೊಡೆಯಬೇಡಿ. ಆ ಮೂಲೆಯ ಕೆಳಗೆ ಮಣ್ಣು ತುಂಬಿಸಿದ್ದರಾ?

ಪ್ರಶ್ನೆ ಕೇಳಿದವರು

ಹೌದು, ಆ ಕಡೆ ಎರಡು ಅಡಿ ತುಂಬಿಸಿದ್ದೆವು. ಒಂದೇ ಸಲ ಸುರಿದು ಮೇಲಿಂದ ದಮ್ಮಸು ಮಾಡಿದರು. ಮಳೆ ನೀರೂ ಅಲ್ಲೇ ನಿಲ್ಲುತ್ತದೆ. ಕೂದಲಿನಷ್ಟು ಸಣ್ಣ ಬಿರುಕು ಒಂದಿದೆ.

ಉತ್ತರ

ಆರರಿಂದ ಎಂಟು ಇಂಚಿನ ಪದರ ಪದರವಾಗಿ ದಮ್ಮಸು ಮಾಡಬೇಕಿತ್ತು. ಎರಡು ಅಡಿ ಒಟ್ಟಿಗೆ ಸುರಿದರೆ ಮೇಲಿನದ್ದು ಮಾತ್ರ ಗಟ್ಟಿಯಾಗುತ್ತದೆ, ಕೆಳಗಿನದ್ದು ನೀರು ಕುಡಿದಾಗ ಕೂರುತ್ತದೆ. ಇವತ್ತೇ ನೀರನ್ನು ಬೇರೆ ಕಡೆ ತಿರುಗಿಸಿ. ನೆಲದ ಅಂಚಿನಿಂದ ಹೊರಗೆ 10 ಅಡಿಗೆ 6 ಇಂಚು ಇಳಿಜಾರು ಇರಲಿ.

ಆಮೇಲೆ ಮನೆ ಗೋಡೆಯ ಮೇಲೆ ಒಂದು ಗುರುತು ಹಾಕಿ. ನೀರು ತುಂಬಿದ ಪೈಪ್‌ನಿಂದ ಆ ಗುರುತಿಗೂ ನಾಲ್ಕು ಮೂಲೆಗೂ ಮಟ್ಟ ನೋಡಿ, ದಿನಾಂಕದ ಜೊತೆ ಬರೆದಿಡಿ. ಗುರುತು ಗ್ಯಾರೇಜ್ ನೆಲದ ಮೇಲೇ ಇದ್ದರೆ ಪ್ರಯೋಜನವಿಲ್ಲ, ಅದೂ ಜೊತೆಗೆ ಇಳಿಯುತ್ತದೆ ಅಲ್ವಾ. ಬಿರುಕಿನ ಎರಡೂ ಬದಿ ಪೆನ್ಸಿಲ್ ಗೆರೆ ಎಳೆದು ಅಂತರ ಅಳೆಯಿರಿ. ಮೂರ್ನಾಲ್ಕು ವಾರ, ನಡುವೆ ಒಂದೆರಡು ಒಳ್ಳೆ ಮಳೆ ಬೀಳಲಿ. ಅಳತೆ ಬದಲಾದರೆ ಇಂಜಿನಿಯರ್ ಕರೆಸಿ, ಚೌಕಟ್ಟಿನಿಂದ ಅದನ್ನು ಮುಚ್ಚಲಾಗದು.

ಓಲಾಟಕ್ಕೆ ಹೆದರಬೇಡಿ. ಹೊರಗೆ ಪ್ಲೈವುಡ್ ಇಲ್ಲದ ಗೋಡೆ ಓಲಾಡಲೇಬೇಕು. ಬಾಗಿಲಿನ ಎರಡೂ ಕಡೆ ಉಳಿದಿರುವ ನಾಲ್ಕು ಅಡಿಯೇ ಮುಂಭಾಗದ ಜೀವ. ಅಲ್ಲಿ ಪ್ಲೈವುಡ್ ತಳದ ಹಲಗೆಯಿಂದ ಬಾಗಿಲ ಮೇಲಿನ ತೊಲೆಯವರೆಗೆ ಸಾಧ್ಯವಾದರೆ ಒಂದೇ ತುಂಡಾಗಿರಲಿ. ಅಂಚಿಗೆ 6 ಇಂಚಿಗೊಂದು, ಒಳಗೆ 12 ಇಂಚಿಗೊಂದು ಮೊಳೆ. ತಳದ ಹಲಗೆಯ ಪ್ರತಿ ತುಂಡಿಗೂ ಕನಿಷ್ಠ ಎರಡು ಬೋಲ್ಟ್, ಎರಡೂ ತುದಿಯಿಂದ 12 ಇಂಚಿನೊಳಗೆ ಒಂದೊಂದು.

ಪ್ರಶ್ನೆ ಕೇಳಿದವರು

ನಾಲ್ಕು ವಾರ ನೋಡಿದೆ. ಮೂರು ಜೋರು ಮಳೆ ಬಂತು. ಮಟ್ಟ ಒಂದಿಷ್ಟೂ ಇಳಿದಿಲ್ಲ, ಬಿರುಕೂ ಅಗಲವಾಗಿಲ್ಲ. ಆ ಮೂಲೆಯ ಹಲಗೆ ಕೆಳಗೆ ಮರದ ಬೆಣೆ ಇಡಬಹುದಾ?

ಉತ್ತರ

ಮರ ಬೇಡ, ಒಣಗಿ ಸಡಿಲವಾಗುತ್ತದೆ. ಉಕ್ಕಿನ ತಗಡು ಇಟ್ಟು ಮಟ್ಟ ಮಾಡಿ, ಸಂದಿಗೆ ಕುಗ್ಗದ ಗ್ರೌಟ್ (ಒಣಗಿದರೂ ಕುಗ್ಗದ ಸಿಮೆಂಟ್ ಗಾರೆ) ತುಂಬಿ. ಚೌಕಟ್ಟಿನ ಪ್ರತಿ ಮರದ ಕಂಬದ ನೇರಕ್ಕೆ ಹಲಗೆಯ ಕೆಳಗೂ ಗ್ರೌಟ್ ಪೂರ್ತಿ ಕೂತಿದೆಯಾ ಅಂತ ಟಾರ್ಚ್ ಹಾಕಿ ನೋಡಿ.